ದಕ್ಷಿಣ ಬೆಂಗಳೂರು ಸಂಚಾರ ವ್ಯಾಕರಣ: ಸೂತ್ರ, ವೃತ್ತಿ, ಪ್ರಯೋಗ ಸಹಿತ

ಪೀಠಿಕೆ

ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಕನ್ನಡದ ಸಂಧಿ, ನಾಮ, ಸಮಾಸ, ಆಖ್ಯಾತ, ಅವ್ಯಯಗಳನ್ನೆಲ್ಲ ಸೂತ್ರಕ್ಕೆ ಕಟ್ಟಿದನು. ಆದರೆ ಅವನು ಬನಶಂಕರಿಯಲ್ಲಿ ಬಸ್ಸಿಗೆ ಕಾದವನಲ್ಲ. ಹೀಗಾಗಿ ಶಾಸ್ತ್ರದಲ್ಲಿ ಒಂದು ಕೊರತೆ ಉಳಿದುಹೋಯಿತು. ಅದನ್ನು ತುಂಬಬೇಕೆಂಬ ಲೋಕೋಪಕಾರ ಬುದ್ಧಿಯಿಂದ ಈ ಗ್ರಂಥ ಹುಟ್ಟಿದೆ.

ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಬೇಕು. ವಿಷಯ: ಬಸ್ಸು, ರೈಲು. ಪ್ರಯೋಜನ: ತಲುಪುವುದು. ಅಧಿಕಾರಿ: ಸ್ವಂತ ಸ್ಕೂಟರ್ ಇಲ್ಲದವನು, ಅಥವಾ ಇದ್ದೂ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ವೈರಾಗ್ಯ ಹೊಂದಿದವನು. ಸಂಬಂಧ: ಬಸ್ಸಿಗೂ ರೈಲಿಗೂ ಇರಬೇಕಾದದ್ದು. ಅದು ಸಾಲದಿರುವುದೇ ಈ ಗ್ರಂಥಕ್ಕೆ ಕಾರಣ.

ದಕ್ಷಿಣ ಬೆಂಗಳೂರು ಎಂದರೆ ಎಲ್ಲಿಂದ ಎಲ್ಲಿಯವರೆಗೆ? ಲೋಕಸಭಾ ಕ್ಷೇತ್ರದ ಗಡಿ ಒಂದು. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಯೇ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಹಂಚಿದಾಗ ಇನ್ನೊಂದು ದಕ್ಷಿಣ ಹುಟ್ಟಿತು. ಈ ಮೂರರ ಗಡಿ ಒಂದಕ್ಕೊಂದು ಹೊಂದುವುದಿಲ್ಲ. ಗ್ರಂಥಕಾರನು ಮೂರನ್ನೂ ಬಿಟ್ಟು, ಲಾಲ್‌ಬಾಗಿನಿಂದ ಆಚೆ ಬಸ್ಸು ಹೋದಷ್ಟು ದೂರ ದಕ್ಷಿಣ ಎಂಬ ಪ್ರಯಾಣಿಕ ಮತವನ್ನು ಹಿಡಿದಿದ್ದಾನೆ.

ಸಂಜ್ಞಾ ಪ್ರಕರಣ

*ಸೂತ್ರ 1: ಸಂಖ್ಯೆಯೇ ಪ್ರಕೃತಿ, ಅಕ್ಷರವೇ ಪ್ರತ್ಯಯ.*

ವೃತ್ತಿ: ಬಸ್ಸಿನ ಹಣೆಯ ಮೇಲಿನ ಅಂಕಿ ಪ್ರಕೃತಿ, ಅದರ ಬಾಲಕ್ಕೆ ಅಂಟಿದ ಅಕ್ಷರ ಪ್ರತ್ಯಯ. 365 ಎಂದರೆ ಬನ್ನೇರುಘಟ್ಟ. 500 ಎಂದರೆ ವರ್ತುಲ ರಸ್ತೆ ಹಿಡಿದು ಸುತ್ತುವ ಕುಲ. ಅದಕ್ಕೆ ‘ಡಿ’ ಪ್ರತ್ಯಯ ಹತ್ತಿದರೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್. 335ಕ್ಕೆ ‘ಇ’ ಹತ್ತಿದರೆ ಕಾಡುಗೋಡಿ. ‘ಕೆಐಎ’ ಎಂಬುದು ವಿಮಾನ ನಿಲ್ದಾಣವನ್ನು ಹೇಳುವ ಉಪಸರ್ಗ. ‘ಎಂಎಫ್’ ಎಂಬುದು ಮೆಟ್ರೋಗೆ ಜನರನ್ನು ತಂದುಬಿಡುವ ಫೀಡರ್ ಬಸ್ಸಿನ ಉಪಸರ್ಗ. ಪ್ರಕೃತಿಯನ್ನು ಮಾತ್ರ ಓದಿ ಪ್ರತ್ಯಯವನ್ನು ಕಡೆಗಣಿಸಿದವನು ಊರು ಸರಿಯಾಗಿದ್ದೂ ಬಡಾವಣೆ ತಪ್ಪುತ್ತಾನೆ.

ಈ ಜ್ಞಾನಕ್ಕೆ ಪ್ರಮಾಣ ಯಾವುದು? ಇಲ್ಲಿ ಮೂರು ಮತಗಳಿವೆ. ಬೋರ್ಡ್ ಓದುವುದು ಪ್ರತ್ಯಕ್ಷ ಪ್ರಮಾಣ ಎಂದು ಒಂದು ಪಂಥ. ಆದರೆ ಬಸ್ಸು ಮರಳಿ ಹೊರಟ ಮೇಲೂ ಬೋರ್ಡ್ ಹೋದ ಟ್ರಿಪ್ಪಿನದೇ ಉಳಿಯುವುದುಂಟು. ಮೊಬೈಲ್ ಆ್ಯಪ್ ನೋಡುವುದು ಅನುಮಾನ ಪ್ರಮಾಣ ಎಂದು ನವ್ಯರು. ಹೊಗೆಯಿದ್ದಲ್ಲಿ ಬೆಂಕಿ ಇರುವುದೇನೋ ಸರಿ, ಆದರೆ ಪರದೆಯ ಮೇಲೆ ಬಸ್ಸಿದ್ದ ಮಾತ್ರಕ್ಕೆ ರಸ್ತೆಯ ಮೇಲೆ ಬಸ್ಸಿರಬೇಕೆಂಬ ವ್ಯಾಪ್ತಿ ಇಲ್ಲ. ಉಳಿದದ್ದು ಶಬ್ದ ಪ್ರಮಾಣ, ಎಂದರೆ ಆಪ್ತವಾಕ್ಯ. ಅದನ್ನು ಪಡೆಯುವ ಬಗೆ:

‘ಸಾರ್, ಜಯನಗರ ಫೋರ್ತ್ ಬ್ಲಾಕ್ ಹೋಗುತ್ತಾ?’

‘ಹೋಗಲ್ಲ. ಹಿಂದಿನ ಗಾಡಿ.’

ಇದು ಸಿದ್ಧಾಂತ. ಕಂಡಕ್ಟರ್ ಹೇಳಿದ ಮೇಲೆ ಆ ವಿಷಯದಲ್ಲಿ ವಾದವಿಲ್ಲ.

ನಾಮ ಪ್ರಕರಣ

*ಸೂತ್ರ 2: ಕೇಳುವುದು ರೂಢನಾಮ, ಬರೆದಿರುವುದು ಅಂಕಿತನಾಮ.*

ವೃತ್ತಿ: ಮೆಜೆಸ್ಟಿಕ್ ರೂಢನಾಮ. ಆ ಹೆಸರಿನ ಚಿತ್ರಮಂದಿರ ಈಗಿಲ್ಲ. ಬಸ್ ನಿಲ್ದಾಣ ನಿಂತ ಜಾಗದಲ್ಲಿದ್ದ ಧರ್ಮಾಂಬುಧಿ ಕೆರೆಯೂ ಇಲ್ಲ. ಬಸ್ಸಿನವರು ಅದಕ್ಕೆ ಕೆಂಪೇಗೌಡ ಬಸ್ ನಿಲ್ದಾಣವೆಂದು ಅಂಕಿತವಿಟ್ಟರು. ಮೆಟ್ರೋದವರು ನಾಡಪ್ರಭು ಕೆಂಪೇಗೌಡ ನಿಲ್ದಾಣವೆಂದರು. ಎದುರಿನ ರೈಲು ನಿಲ್ದಾಣ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಪಡೆಯಿತು. ಆದರೂ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೂಗುವುದು ‘ಮೆಜೆಸ್ಟಿಕ್, ಮೆಜೆಸ್ಟಿಕ್’ ಎಂದೇ. 1956ರಲ್ಲಿ ಖಾಸಗಿ ಕಂಪನಿಯಿಂದ ಸರ್ಕಾರದ ಕೈಗೆ ಬಂದ ಬಿಟಿಎಸ್ 1997ರಲ್ಲಿ ಬಿಎಂಟಿಸಿ ಆದರೂ, ಬಸವನಗುಡಿಯ ಹಿರಿಯರ ಬಾಯಲ್ಲಿ ಇಂದಿಗೂ ಓಡುವುದು ಬಿಟಿಎಸ್ ಬಸ್ಸೇ. ಸಿಲ್ಕ್ ಬೋರ್ಡ್ ಮಾತ್ರ ಅನ್ವರ್ಥನಾಮ: ಕೇಂದ್ರ ರೇಷ್ಮೆ ಮಂಡಳಿ ನಿಜಕ್ಕೂ ಅಲ್ಲಿದೆ. ರೇಷ್ಮೆಯ ನುಣುಪು ಆ ವೃತ್ತದ ಸಂಚಾರದಲ್ಲಿ ಏಕಿಲ್ಲ ಎಂಬುದು ವ್ಯಾಕರಣದ ವ್ಯಾಪ್ತಿಗೆ ಹೊರಗು.

ಲಿಂಗ ಪ್ರಕರಣ

*ಸೂತ್ರ 3: ಸ್ತ್ರೀಲಿಂಗಕ್ಕೆ ಶೂನ್ಯ.*

ವೃತ್ತಿ: 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಂದಿನಿಂದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಶೂನ್ಯ ಟಿಕೆಟ್. ಹವಾನಿಯಂತ್ರಿತ ವಜ್ರದಲ್ಲಿ ಈ ಸೂತ್ರ ನಡೆಯದು, ಮೆಟ್ರೋದಲ್ಲಿಯೂ ನಡೆಯದು. ಪುಲ್ಲಿಂಗಕ್ಕೆ ಹಿಂಬದಿ, ಸ್ತ್ರೀಲಿಂಗಕ್ಕೆ ಮುಂಬದಿ ಎಂಬುದು ಸಾಮಾನ್ಯ ವಿಧಿ. ನಪುಂಸಕಲಿಂಗವಾದ ಈರುಳ್ಳಿ ಮೂಟೆ ಡ್ರೈವರ್ ಪಕ್ಕ, ಲಗೇಜ್ ಟಿಕೆಟ್ಟಿನ ಮೇಲೆ.

ಆಖ್ಯಾತ ಪ್ರಕರಣ

*ಸೂತ್ರ 4: ಬಸ್ಸಿಗೆ ಭೂತ, ಭವಿಷ್ಯತ್ತುಗಳುಂಟು, ವರ್ತಮಾನ ವಿರಳ.*

ವೃತ್ತಿ: ನಿಲ್ದಾಣದಲ್ಲಿ ವಿಚಾರಿಸಿದರೆ ಸಿಗುವ ರೂಪಗಳು ಎರಡು. ‘ಈಗ ತಾನೇ ಹೋಯ್ತು’, ಇದು ಭೂತ. ‘ಬರುತ್ತೆ, ನಿಂತ್ಕೊಳ್ಳಿ’, ಇದು ಭವಿಷ್ಯತ್ತು. ವರ್ತಮಾನ ಕಾಲವು ಒಮ್ಮೆಗೇ ಬರುತ್ತದೆ, ಒಂದೇ ಮಾರ್ಗದ ಮೂರು ಬಸ್ಸುಗಳಾಗಿ, ಒಂದರ ಹಿಂದೆ ಒಂದು. ಇಲ್ಲಿ ವಚನ ಬಹುವಚನ.

ಅರ್ಥಭೇದಗಳು ಮೂರು. ವಿಧ್ಯರ್ಥಕ: ‘ಮುಂದೆ ಹೋಗ್ರಿ, ಮುಂದೆ ಖಾಲಿ ಇದೆ.’ ನಿಷೇಧಾರ್ಥಕ: ‘ಇಲ್ಲಿ ಸ್ಟಾಪ್ ಕೊಡಲ್ಲ.’ ಸಂಭಾವನಾರ್ಥಕ: ‘ಬಂದೀತು.’ ಈ ಕೊನೆಯ ರೂಪ ಪಾಠ್ಯಪುಸ್ತಕದ ಹೊರಗೆ ಬಳಕೆ ತಪ್ಪಿದೆ ಎಂದು ಭಾಷಾತಜ್ಞರು ಮರುಗುವುದುಂಟು. ಅವರು ರಾತ್ರಿ ಒಂಬತ್ತೂವರೆಗೆ ಉತ್ತರಹಳ್ಳಿ ಬಸ್ಸಿಗೆ ಕಾಯುವ ಜನರ ನಡುವೆ ಕ್ಷೇತ್ರಕಾರ್ಯ ಮಾಡಬೇಕು.

ಮೆಟ್ರೋದ ಕಾಲವ್ಯವಸ್ಥೆ ಬೇರೆ. ಅಲ್ಲಿ ಕಾಲವನ್ನು ಪ್ಲಾಟ್‌ಫಾರ್ಮಿನ ಫಲಕವೇ ನಿಮಿಷದ ಲೆಕ್ಕದಲ್ಲಿ ಹೇಳುತ್ತದೆ. ನಗರದ ಮೊದಲ ಮೆಟ್ರೋ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿತು. ದಕ್ಷಿಣಕ್ಕೆ ಹಸಿರು ಮಾರ್ಗ 2017ರ ಜೂನ್‌ನಲ್ಲಿ ಯಲಚೇನಹಳ್ಳಿಯವರೆಗೆ, 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಬಂತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ, 19.15 ಕಿಲೋಮೀಟರ್, 16 ನಿಲ್ದಾಣ, 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಹಳಿ ಸಿದ್ಧ, ನಿಲ್ದಾಣ ಸಿದ್ಧ, ಇದ್ದ ರೈಲು ಮಾತ್ರ ಮೂರು. ಆದ್ದರಿಂದ ಆರಂಭದಲ್ಲಿ 25 ನಿಮಿಷಕ್ಕೊಂದು. ಕರ್ತೃ, ಕರ್ಮಗಳೆಲ್ಲ ಇದ್ದು ಕ್ರಿಯಾಪದಕ್ಕೆ ಕಾಯಿಸುವ ವಾಕ್ಯರಚನೆಗೆ ಇದಕ್ಕಿಂತ ಸ್ವಚ್ಛವಾದ ಉದಾಹರಣೆ ಸಿಗದು.

ಉಪನಗರ ರೈಲು ಪೂರ್ತಿಯಾಗಿ ಸಂಭಾವನಾರ್ಥಕಕ್ಕೆ ಸೇರಿದ್ದು. 148 ಕಿಲೋಮೀಟರಿನ ನಾಲ್ಕು ಮಾರ್ಗಗಳು. ಹೆಸರು ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ. ನಾಮಕರಣ ಮೊದಲು, ಜನನ ಆಮೇಲೆ ಎಂಬ ಈ ಕ್ರಮಕ್ಕೆ ಗೃಹ್ಯಸೂತ್ರಗಳಲ್ಲಿ ಆಧಾರ ಹುಡುಕುವ ಕೆಲಸವನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಸಂಧಿ ಪ್ರಕರಣ

ಇದು ಗ್ರಂಥದ ಹೃದಯ. ಬಸ್ಸು ಒಂದು ಪದ, ರೈಲು ಇನ್ನೊಂದು ಪದ. ಎರಡೂ ಬೇರೆಬೇರೆಯಾಗಿ ಶುದ್ಧವೇ. ಅವು ಕೂಡುವ ಜಾಗದಲ್ಲಿ ಏನಾಗುತ್ತದೆ?

*ಸೂತ್ರ 5: ಲೋಪವು, ಆಗಮವು, ಆದೇಶವು.*

ಲೋಪಸಂಧಿ: ಮೆಟ್ರೋ ಮೆಟ್ಟಿಲು ಇಳಿದ ಕಡೆಗೂ ಬಸ್ ಸ್ಟಾಪಿಗೂ ನಡುವೆ ಇರಬೇಕಾದ ಫುಟ್‌ಪಾತ್ ಲೋಪವಾಗುವುದು. ಅದರ ಜಾಗದಲ್ಲಿ ಚರಂಡಿಯ ಎದ್ದ ಚಪ್ಪಡಿ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಬೈಕುಗಳು. ಲೋಪವಾದ ಸ್ವರ ಉಚ್ಚಾರಣೆಯಲ್ಲೂ ಬರಹದಲ್ಲೂ ಕಾಣೆಯಾದರೆ, ಲೋಪವಾದ ಫುಟ್‌ಪಾತ್ ನಕ್ಷೆಯಲ್ಲಿ ಮಾತ್ರ ಉಳಿದಿರುತ್ತದೆ.

ಆಗಮಸಂಧಿ: ಎರಡು ಪದಗಳ ನಡುವೆ ಯಕಾರವೋ ವಕಾರವೋ ಹೊಸದಾಗಿ ಬಂದು ನಿಲ್ಲುವಂತೆ, ಬಸ್ಸು ಮತ್ತು ರೈಲಿನ ನಡುವೆ ಆಟೋ ಬಂದು ನಿಲ್ಲುವುದು. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ ಮೀಟರ್ ದರ 36 ರೂಪಾಯಿ. ಇದು ಸೂತ್ರ. ‘ಅಲ್ಲಿಂದ ಖಾಲಿ ಬರಬೇಕು ಸಾರ್, ನೂರು ಕೊಟ್ಬಿಡಿ’, ಇದು ಪ್ರಯೋಗ. ಸೂತ್ರಕ್ಕೂ ಪ್ರಯೋಗಕ್ಕೂ ವಿರೋಧ ಬಂದಾಗ ಪ್ರಯೋಗವೇ ಬಲವತ್ತರವೆಂಬುದು ಎಲ್ಲ ವೈಯಾಕರಣರೂ ಒಪ್ಪುವ ಮಾತು.

ಆದೇಶಸಂಧಿ: ಒಂದರ ಸ್ಥಾನದಲ್ಲಿ ಇನ್ನೊಂದು ಬರುವುದು. ಕ, ತ, ಪಗಳಿಗೆ ಗ, ದ, ಬಗಳು ಬರುವಂತೆ, ಬರಬೇಕಾದ ಫೀಡರ್ ಬಸ್ಸಿನ ಸ್ಥಾನದಲ್ಲಿ ಸ್ವಂತ ಕಾಲು ಬರುವುದು.

ಇವು ಕನ್ನಡ ಸಂಧಿಗಳು. ಇನ್ನು ಸಂಸ್ಕೃತ ಸಂಧಿಗಳಲ್ಲಿ ಎರಡನ್ನು ಹೇಳಬೇಕು.

ಸವರ್ಣದೀರ್ಘ: ಒಂದೇ ಜಾತಿಯ ಎರಡು ಸ್ವರ ಕೂಡಿದಾಗ ದೀರ್ಘವಾಗುವುದು. ಪ್ರಯೋಗ: ಆರ್.ವಿ. ರಸ್ತೆ ನಿಲ್ದಾಣ. ಹಸಿರು ಮೆಟ್ರೋ, ಹಳದಿ ಮೆಟ್ರೋ ಎರಡೂ ಸವರ್ಣಗಳೇ. ಬೆಳಿಗ್ಗೆ ಒಂಬತ್ತಕ್ಕೆ ಅವು ಕೂಡಿದಲ್ಲಿ ಎಸ್ಕಲೇಟರಿನಿಂದ ಪ್ಲಾಟ್‌ಫಾರ್ಮಿನವರೆಗೆ ಸಾಲು ದೀರ್ಘವಾಗುವುದು.

ವೃದ್ಧಿಸಂಧಿ: ಇದಕ್ಕೆ ವಿವರಣೆ ಬೇಡ. 2025ರ ಜನವರಿ 5ರಂದು ಬಸ್ ದರ ಶೇಕಡಾ 15 ವೃದ್ಧಿ. ಫೆಬ್ರುವರಿ 9ರಂದು ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ವೃದ್ಧಿ. ಬೇರೆ ಯಾವುದರಲ್ಲೂ ಕೂಡದ ಬಸ್ಸು, ಮೆಟ್ರೋ ಎರಡೂ ಐದೇ ವಾರದ ಅಂತರದಲ್ಲಿ ಕೂಡಿದ ಸಂಧಿ ಇದೊಂದೇ.

ಪ್ರಕೃತಿಭಾವ: ಸಂಧಿಯಾಗಲು ಎಲ್ಲವೂ ಅನುಕೂಲವಿದ್ದೂ ಪದಗಳು ತಮ್ಮ ಪಾಡಿಗೆ ತಾವಿರುವುದು. ಹೊಸೂರು ಹಳಿಯ ಹೀಲಲಿಗೆ ರೈಲು ನಿಲ್ದಾಣಕ್ಕೂ ಹಳದಿ ಮಾರ್ಗದ ತುದಿಯಾದ ಬೊಮ್ಮಸಂದ್ರಕ್ಕೂ ಅಷ್ಟೇನೂ ದೂರವಿಲ್ಲ. ಆದರೂ ಅದು ಅಲ್ಲಿ, ಇದು ಇಲ್ಲಿ.

ಒತ್ತಕ್ಷರಕ್ಕೆ ನಿದರ್ಶನ ರಾಗಿಗುಡ್ಡ–ಸಿಲ್ಕ್ ಬೋರ್ಡ್ ದಾರಿ. ನೆಲದ ಮೇಲೊಂದು ರಸ್ತೆ, ಅದರ ಮೇಲೆ 2024ರ ಜುಲೈನಲ್ಲಿ ಒಂದು ಬದಿ ತೆರೆದ ಮೇಲ್ಸೇತುವೆ, ಅದರ ಮೇಲೆ ಮೆಟ್ರೋ ಹಳಿ. ಸ್ತ್ರೀ ಎಂಬ ಅಕ್ಷರದಲ್ಲಿದ್ದಂತೆ ಮೂರು ಅಂತಸ್ತು. ಬಸ್ ಸ್ಟಾಪ್ ಇರುವುದು ಎಲ್ಲಕ್ಕಿಂತ ಕೆಳಗಿನ ಒತ್ತಿನಲ್ಲಿ.

ಸುಸಂಧಿಯೇ ಇಲ್ಲವೆ ಎಂದರೆ, ಉಂಟು. ಬನಶಂಕರಿಯಲ್ಲಿ ಮೆಟ್ರೋ ನಿಲ್ದಾಣವೂ ಬಸ್ ನಿಲ್ದಾಣವೂ ಅಕ್ಕಪಕ್ಕ. ಮೆಜೆಸ್ಟಿಕ್‌ನಲ್ಲಿ ಬಸ್ಸು, ಮೆಟ್ರೋ, ರೈಲು ಮೂರೂ ನಡೆದು ಹೋಗುವಷ್ಟು ಹತ್ತಿರ. ಅಪವಾದಗಳು ಇರುವುದರಿಂದಲೇ ನಿಯಮ ಅನಿವಾರ್ಯವಲ್ಲವೆಂದು ತಿಳಿಯುತ್ತದೆ.

ಸಮಾಸ ಪ್ರಕರಣ

*ಸೂತ್ರ 6: ಅರಿಸಮಾಸ ನಿಷಿದ್ಧ.*

ವೃತ್ತಿ: ಎರಡು ಭಿನ್ನ ಮೂಲದ ಪದಗಳನ್ನು ಕೂಡಿಸಿ ಸಮಾಸ ಮಾಡಬಾರದೆಂದು ಹಳಬರ ಕಟ್ಟಳೆ. ಈ ಕಟ್ಟಳೆಯನ್ನು ಕವಿಗಳು ಮೀರಿದರು, ಪತ್ರಕರ್ತರು ಮೀರಿದರು. ಇಂದಿಗೂ ನಿಷ್ಠೆಯಿಂದ ಪಾಲಿಸುತ್ತಿರುವುದು ನಗರದ ಟಿಕೆಟ್ ವ್ಯವಸ್ಥೆ. ಮೆಟ್ರೋಗೆ ಟೋಕನ್, ಸ್ಮಾರ್ಟ್ ಕಾರ್ಡ್, ಕ್ಯೂಆರ್ ಟಿಕೆಟ್. ಬಸ್ಸಿಗೆ ಮೆಷಿನ್ನಿನ ಚೀಟಿ, ಡೇ ಪಾಸ್, ತಿಂಗಳ ಪಾಸ್. ಬಸ್ ಪಾಸನ್ನು ಮೆಟ್ರೋ ಗೇಟಿಗೆ ಮುಟ್ಟಿಸಿದರೆ ಗೇಟು ತೆರೆಯದು; ಸ್ಮಾರ್ಟ್ ಕಾರ್ಡನ್ನು ಕಂಡಕ್ಟರಿಗೆ ತೋರಿಸಿದರೆ ಅವರು ಅದನ್ನೂ ನೋಡಿ, ನಿಮ್ಮನ್ನೂ ನೋಡಿ, ‘ಚಿಲ್ಲರೆ ಕೊಡಿ’ ಎನ್ನುತ್ತಾರೆ.

ಬಿರುದಾವಳಿಯಲ್ಲಿ ಅರಿಸಮಾಸಕ್ಕೆ ಹಳಬರು ವಿನಾಯಿತಿ ಕೊಟ್ಟಿದ್ದರು. ಇದೂ ಚಾಚೂ ತಪ್ಪದೆ ಪಾಲನೆಯಾಗುತ್ತಿದೆ: ಉದ್ಘಾಟನಾ ಭಾಷಣಗಳಲ್ಲಿ ಬಸ್ಸೂ ಮೆಟ್ರೋವೂ ಯಾವಾಗಲೂ ಜೊತೆಯಾಗಿಯೇ ಬರುತ್ತವೆ.

ಬಹುವ್ರೀಹಿ: ಎರಡು ಪದಗಳಿದ್ದೂ ಅರ್ಥ ಮೂರನೆಯದರಲ್ಲಿರುವುದು. ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ಕಂಬಿ ಹಿಡಿದವನು ಒಳಗೂ ಇಲ್ಲ, ಹೊರಗೂ ಇಲ್ಲ. ಅವನ ಟಿಕೆಟ್ಟಿನ ಹಣ ಐದು ಕೈ ದಾಟಿ ಮುಂದೆ ಹೋಗಿ, ಟಿಕೆಟ್ ಐದು ಕೈ ದಾಟಿ ಹಿಂದಕ್ಕೆ ಬರುತ್ತದೆ. ಅಪರಿಚಿತರ ಕೈಗಳ ಮೇಲಿನ ಈ ನಂಬಿಕೆಗೆ ಯಾವ ಸ್ಮಾರ್ಟ್ ಕಾರ್ಡೂ ಸಮನಲ್ಲ.

ಅವ್ಯಯ ಪ್ರಕರಣ

*ಸೂತ್ರ 7: ಯಾವ ಕಾಲದಲ್ಲೂ ರೂಪ ಬದಲಿಸದವು ಅವ್ಯಯ.*

ವೃತ್ತಿ: ‘ರೈಟ್’, ‘ಹೋಲ್ಡಾನ್’, ಸೀಟಿ. ಚಿಲ್ಲರೆ ಇಲ್ಲವೆಂಬ ಮಾತೂ ಅವ್ಯಯ. ಕಂಡಕ್ಟರ್ ಬಾಕಿ ಮೊತ್ತವನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟದ್ದು ನಗರದ ಅತಿ ಪ್ರಾಚೀನ ಸಾಲಪತ್ರ. ಯುಪಿಐ ಬಂದ ಮೇಲೆ ಈ ಸಾಹಿತ್ಯ ಪ್ರಕಾರ ಕ್ಷೀಣಿಸುತ್ತಿದೆ. ಮೆಟ್ರೋದ ಅವ್ಯಯ ಒಂದು ದನಿ: ನೇರಳೆ, ಹಸಿರು ಮಾರ್ಗಗಳಲ್ಲಿ ಮುಂದಿನ ನಿಲ್ದಾಣವನ್ನು ಕನ್ನಡದಲ್ಲಿ ಹೇಳಿದ ನಿರೂಪಕಿ ಅಪರ್ಣಾ ಅವರದು. ಅವರು 2024ರ ಜುಲೈನಲ್ಲಿ ತೀರಿಕೊಂಡರು. ಶ, ಷ, ಸ ಮೂರೂ ಬೇರೆಬೇರೆಯಾಗಿ ಕೇಳಿಸುವ ಅವರ ಉಚ್ಚಾರಣೆಗೆ ಈ ಗ್ರಂಥದಲ್ಲಿ ಅಪವಾದ ಸೂತ್ರವಿಲ್ಲ.

ಫಲಶ್ರುತಿ

ಇಷ್ಟರಿಂದ ಸಿದ್ಧವಾದದ್ದು ಇದು. ನಗರದಲ್ಲಿ ನಾಮಪದಗಳಿಗೆ ಬರವಿಲ್ಲ. ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳಿವೆ, ಮೂರು ಬಣ್ಣದ ಮೆಟ್ರೋ ಓಡುತ್ತಿದೆ, ಇನ್ನಷ್ಟು ಬಣ್ಣಗಳು ಬರಲಿವೆ. ಕ್ರಿಯಾಪದಗಳೂ ತಡವಾಗಿಯಾದರೂ ಬರುತ್ತವೆ. ತಪ್ಪುತ್ತಿರುವುದು ಸಂಧಿಯಲ್ಲಿ. ಪ್ರತಿ ಹೊಸ ಮಾರ್ಗಕ್ಕೂ ಸಾವಿರಾರು ಕೋಟಿ ಒದಗಿಸುವ ಸರ್ಕಾರ, ಮೆಟ್ಟಿಲ ಬುಡದಿಂದ ಬಸ್ ಸ್ಟಾಪಿನವರೆಗೆ ಇನ್ನೂರು ಮೀಟರ್ ಸಮತಟ್ಟಾದ ಫುಟ್‌ಪಾತ್, ಮೆಟ್ರೋ ವೇಳೆಗೆ ಹೊಂದುವ ಒಂದು ಫೀಡರ್ ಬಸ್ಸು, ಎರಡಕ್ಕೂ ನಡೆಯುವ ಒಂದು ಟಿಕೆಟ್ಟು ಇಷ್ಟನ್ನು ಒದಗಿಸಿದರೆ ಈ ವ್ಯಾಕರಣದ ಅರ್ಧಭಾಗ ರದ್ದಾಗುತ್ತದೆ. ಗ್ರಂಥಕಾರನಿಗೆ ಅದರಿಂದ ಬೇಸರವಿಲ್ಲ.

ಅಲ್ಲಿಯವರೆಗೆ ಇದನ್ನು ಓದಿದವರು, ಓದಿಸಿ ಕೇಳಿದವರು ಗಮನಿಸಬೇಕು: ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳಿ, ಬೋರ್ಡಿನ ಕೊನೆಯ ಅಕ್ಷರ ಓದಿ, ಆದರೂ ಕಂಡಕ್ಟರನ್ನು ಕೇಳಿಯೇ ಹತ್ತಿ.