ಕಣ್ಣಿಗೆ ನೈಟ್ ಡ್ಯೂಟಿ ಹಾಕ್ತೀರಾ?

ಕನ್ನಡಕ ಹಾಕ್ಕೊಂಡೇ ಓಡಾಡೋರು ತಾನೇ ನೀವು? ಹಾಗಾದ್ರೆ ಒಂದು ಪ್ರಶ್ನೆ. ನಿಮ್ಮ ಮದುವೆ ಆಲ್ಬಮ್ಮಲ್ಲಿ ಆ ಕನ್ನಡಕ ಎಲ್ಲಿ ಹೋಯ್ತು? ಫೋಟೋಗ್ರಾಫರ್ರು ‘ಗ್ಲಾಸ್ ಶೈನ್ ಹೊಡೆಯುತ್ತೆ, ತೆಗೀರಿ’ ಅಂದ್ರು ಅಂತ ಮಾತ್ರ ಹೇಳ್ಬೇಡಿ. ಅವರು ಬಾಯಿ ಬಿಡೋಕೆ ಮುಂಚೆನೇ ಅದು ನಿಮ್ಮ ಚಿಕ್ಕಮ್ಮನ ವ್ಯಾನಿಟಿ ಬ್ಯಾಗ್ ಸೇರಿತ್ತು. (ಅದಕ್ಕೇ ಆಲ್ಬಮ್ ತುಂಬ ನೀವು ಕ್ಯಾಮೆರಾ ಬಿಟ್ಟು ಪಕ್ಕದ ಬಾಳೆಕಂಬ ನೋಡ್ತಿರೋದು.)

ಗೊತ್ತು ಬಿಡಿ. ಸ್ಕೂಲಲ್ಲಿ ‘ಸೋಡಾಬುಡ್ಡಿ’ ಅಂತ ಕರೆಸ್ಕೊಂಡಿದ್ದು ಅಷ್ಟು ಬೇಗ ಮರೆಯೋ ಮಾತಲ್ಲ. ಮೇಲಿಂದ ಬಿಸಿ ಕಾಫಿ ಲೋಟ ಎತ್ತಿದ್ರೆ ಲೋಕವೆಲ್ಲ ಹಬೆ, ಹೆಲ್ಮೆಟ್ ಹಾಕ್ಬೇಕಾದ್ರೆ ಕಡ್ಡಿ ತೂರಿಸೋ ಸರ್ಕಸ್ಸು. ಲಾಸಿಕ್ ಮಾಡಿಸೋಣ ಅಂದ್ರೆ ಲೇಸರ್ ಅನ್ನೋ ಹೆಸರು ಕೇಳೇ ಮೈ ಜುಂ ಅನ್ನುತ್ತೆ. ಇಂಥಾ ನಿಮಗೆ ಯಾರಾದ್ರೂ ಬಂದು, ‘ರಾತ್ರಿ ಲೆನ್ಸ್ ಹಾಕ್ಕೊಂಡು ಮಲಗಿ, ಬೆಳಗ್ಗೆ ತೆಗೆದಿಡಿ, ದಿನವೆಲ್ಲ ಕನ್ನಡಕ ಬೇಡ’ ಅಂದ್ರೆ? ನೋಡಿ ನೋಡಿ, ಆಗ್ಲೇ ಕಿವಿ ನೆಟ್ಟಗಾಯ್ತು!

ಸುಳ್ಳಲ್ಲ, ಇದು ನಿಜವಾಗ್ಲೂ ಇದೆ. ಪೂರ್ತಿ ಹೆಸರು ಆರ್ಥೋಕೆರಟಾಲಜಿ, ನಾಲಿಗೆ ಹೊರಳದೋರಿಗೆ ಆರ್ಥೋ-ಕೆ. (ಆರ್ಥೋ ಅಂದ ತಕ್ಷಣ ಮೂಳೆ ಡಾಕ್ಟ್ರ ಹತ್ರ ಟೋಕನ್ ತಗೋಬೇಡಿ ಮತ್ತೆ.) ನಿಮ್ಮದು ಮೈನಸ್ ನಂಬರ್ ತಾನೇ? ದೂರದ ಬಸ್ ಬೋರ್ಡ್ ಕಾಣಲ್ಲ, ಅಕ್ಕಪಕ್ಕದೋರನ್ನ ‘ಯಾವ ಬಸ್ಸು?’ ಅಂತ ಕೇಳೋ ಪೈಕಿ ತಾನೇ? ಇದು ಮುಖ್ಯವಾಗಿ ನಿಮಗೇ ಹೇಳಿ ಮಾಡಿಸಿದ್ದು.

ವಿದ್ಯೆ ಇಷ್ಟೇ. ಕಣ್ಣಿನ ಮುಂಭಾಗದ ಕಾರ್ನಿಯಾನ ರಾತ್ರಿಯಿಡೀ ನಡುಮಧ್ಯೆ ಒಂಚೂರು ಚಪ್ಪಟೆ ಮಾಡೋದು. ಕಾರ್ನಿಯಾ ದಪ್ಪವೇ ಸುಮಾರು ಅರ್ಧ ಮಿಲಿಮೀಟರ್, ಅದರ ಮೇಲ್ಪದರ 50 ಮೈಕ್ರಾನ್ ಆಸುಪಾಸು. ಆ ಮೇಲ್ಪದರದಲ್ಲೇ ಒಂದು 20 ಮೈಕ್ರಾನ್ ಒಳಗೆ ಬಹುಪಾಲು ಆಟ ಮುಗಿದುಹೋಗುತ್ತೆ. ನಿಮ್ಮ ತಲೇಲಿ ಉಳಿದಿರೋ ಒಂದು ಕೂದಲಷ್ಟು ದಪ್ಪವೂ ಇಲ್ಲ. (‘ಉಳಿದಿರೋ’ ಅಂದಿದ್ದಕ್ಕೆ ಬೇಜಾರಾಯ್ತಾ?)

ಲೆನ್ಸ್ ಏನೂ ಕಣ್ಣನ್ನ ಹಿಚುಕಿ ಹಿಂಡೋದಿಲ್ಲ. ಲೆನ್ಸಿಗೂ ಕಾರ್ನಿಯಾಗೂ ಮಧ್ಯೆ ಕಣ್ಣೀರಿನ ತೆಳ್ಳನೆ ಪದರ ಇರುತ್ತೆ. ಆ ನೀರಿನ ಒತ್ತಡ, ಎಳೆತದಲ್ಲೇ ಮೇಲ್ಪದರ ನಡುವೆ ತೆಳುವಾಗಿ ಸುತ್ತಲೂ ಸ್ವಲ್ಪ ದಪ್ಪ ಆಗುತ್ತೆ. ಹಾಸ್ಟೆಲ್ಲಲ್ಲಿದ್ದಾಗ ಪ್ಯಾಂಟ್ ಮಡಚಿ ಹಾಸಿಗೆ ಕೆಳಗಿಟ್ಟು, ಅದರ ಮೇಲೆ ಮಲಗೆದ್ದು, ‘ಇಸ್ತ್ರಿ ಮಾಡಿಸ್ದೆ’ ಅಂತ ಕಾಲೇಜಿಗೆ ಹಾಕ್ಕೊಂಡು ಹೋಗ್ತಿದ್ರಲ್ಲ, ಥೇಟ್ ಅದೇ! ಆ ಗೆರೆ ಹೇಗೆ ನಿಲ್ತಿರ್ಲಿಲ್ವೋ ಇದೂ ಹಾಗೇ ನಿಲ್ಲೋದಿಲ್ಲ. ಹಾಕೋದು ಬಿಟ್ರೆ ಕೆಲವು ದಿನ, ಇಲ್ಲಾ ಕೆಲವು ವಾರದಲ್ಲಿ ಕಾರ್ನಿಯಾ ಅದರ ಹಳೇ ಆಕಾರಕ್ಕೆ, ನೀವು ನಿಮ್ಮ ಹಳೇ ಕನ್ನಡಕಕ್ಕೆ.

ಹಿಂದಿನ ಕಾಲದ ಚೀನಾದೋರು ದೃಷ್ಟಿ ಸರಿಹೋಗ್ಲಿ ಅಂತ ರೆಪ್ಪೆ ಮೇಲೆ ಮರಳಿನ ಪುಟ್ಟ ಚೀಲ ಇಟ್ಕೊಂಡು ಮಲಗ್ತಿದ್ರು ಅಂತ ಕಣ್ಣಿನೋರ ವಲಯದಲ್ಲಿ ಒಂದು ಕಥೆ ಓಡಾಡುತ್ತೆ. (ನಂಬೋದು ಬಿಡೋದು ನಿಮಗೆ ಸೇರಿದ್ದು.) ಕಥೆ ಬೇಡ ಅಂದ್ರೆ, 1962ರಲ್ಲಿ ಷಿಕಾಗೋದ ಆಪ್ಟೋಮೆಟ್ರಿಸ್ಟ್ ಜಾರ್ಜ್ ಜೆಸ್ಸೆನ್ ಬೇಕಂತಲೇ ಚಪ್ಪಟೆ ಮಾಡಿದ ಗಟ್ಟಿ ಲೆನ್ಸ್ ಹಾಕಿಸಿ ಇದಕ್ಕೆ ‘ಆರ್ಥೋಫೋಕಸ್’ ಅಂದ. ಆಗಿನ ಪ್ಲಾಸ್ಟಿಕ್ಕಲ್ಲಿ ಗಾಳಿ ಆಡ್ತಿರ್ಲಿಲ್ಲ. ಕಾರ್ನಿಯಾಗೋ ರಕ್ತನಾಳ ಇಲ್ಲ, ಬಹುಪಾಲು ಗಾಳಿಯಿಂದಲೇ ಉಸಿರು ಎಳ್ಕೋಬೇಕು. ಆಮೇಲೆ ಆಮ್ಲಜನಕ ಹಾಯೋ ಲೆನ್ಸ್ ಬಂತು. 2002ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ರಾತ್ರಿ ಹಾಕ್ಕೊಂಡು ಮಲಗೋ ಲೆನ್ಸಿಗೆ ಮೈನಸ್ ಆರರ ತನಕ ಒಪ್ಪಿಗೆ ಕೊಡ್ತು. (ನಿಮ್ಮದು ಮೈನಸ್ ಒಂಬತ್ತಾ? ನೀವು ಹೊಸ ಫ್ರೇಮ್ ನೋಡ್ತಿರಿ, ಆಮೇಲೆ ಮಾತಾಡೋಣ.)

ಇಷ್ಟು ಕೇಳಿ ನಿಮಗಾಗ್ಲೇ ಖುಷಿ. ‘ಮಲಗೋದು ತಾನೇ, ನಮಗೆ ಹೇಳ್ಕೊಡ್ಬೇಕಾ?’ ಅಂತೀರಿ. ತಡೀರಿ. ಇದಕ್ಕೆ ದಿನಾ ಆರೇಳು ಗಂಟೆ ನಿದ್ದೆ ಬೇಕು. ಅದೂ ಕಣ್ಣು ಮುಚ್ಚಿಕೊಂಡು ಮಾಡೋ ನಿದ್ದೆ, ಆಫೀಸ್ ಮೀಟಿಂಗಲ್ಲಿ ಮಾಡೋ ಥರದ್ದಲ್ಲ. ನಿನ್ನೆ ರಾತ್ರಿ ಎಷ್ಟೊತ್ತಿಗೆ ಮಲಗಿದ್ರಿ, ನಿಜ ಹೇಳಿ?

ಹನ್ನೊಂದಕ್ಕೆ ಹಾಸಿಗೆ ಸೇರಿದ್ರಿ, ಒಪ್ಕೋತೀನಿ. ‘ಒಂದೇ ಒಂದು ರೀಲ್’ ಅಂದ್ರಿ. ಯಾರೋ ಅಜ್ಜಿ ಕೆಸುವಿನೆಲೆ ಪತ್ರೊಡೆ ಮಾಡಿದ್ದು ನೋಡಿದ್ರಿ, ಯಾರೋ ಜೆಸಿಬಿ ಬಾವಿ ತೋಡಿದ್ದು ನೋಡಿದ್ರಿ. ಒಂದೂಮುಕ್ಕಾಲಿಗೆ ಫೋನು ಮುಖದ ಮೇಲೆ ಬಿದ್ದಾಗ ಲೈಟ್ ಆರಿಸಿದ್ರಿ. ಐದೂವರೆಗೆ ಕುಕ್ಕರ್ ಇಡಬೇಕು, ಇಲ್ಲಾ ಕ್ಯಾಬ್ ಹಿಡೀಬೇಕು. ಅರ್ಧ ನಿದ್ದೆಗೆ ಅರ್ಧ ಕೆಲಸ ಅಷ್ಟೇ ರೀ. ಸಂಜೆ ಹೊತ್ತಿಗೆ ಮತ್ತೆ ಬಸ್ ಬೋರ್ಡು ಮಸಕು ಮಸಕು.

ಇನ್ನು ಹಾಕೋ ಶಾಸ್ತ್ರ ನೋಡಿ. ಲೆನ್ಸು ಒಂದು ಸೆಂಟಿಮೀಟರ್‌ಗಿಂತ ಚೂರು ದೊಡ್ಡದು, ಗಟ್ಟಿ. ಟೇಬಲ್ ಮೇಲೆ ಕನ್ನಡಿ ಮಲಗಿಸಿ, ಅದರ ಮೇಲೆ ಬಗ್ಗಿ, ಒಂದು ಕೈಲಿ ಮೇಲಿನ ರೆಪ್ಪೆ, ಇನ್ನೊಂದು ಕೈ ಬೆರಳಲ್ಲಿ ಕೆಳಗಿನ ರೆಪ್ಪೆ ಹಿಡೀಬೇಕು. ತೋರುಬೆರಳ ತುದೀಲಿ ಲೆನ್ಸು, ಅದರ ತುಂಬ ಡ್ರಾಪ್ಸ್. ರೆಪ್ಪೆ ಬಡೀದೆ ಮೆಲ್ಲಗೆ ಮುಟ್ಟಿಸಬೇಕು. ನೀವೋ, ಬೆರಳು ಇನ್ನೂ ಒಂದಡಿ ದೂರ ಇರುವಾಗ್ಲೇ ಕಣ್ಣು ಮುಚ್ಚಿ ಬಾಯಿ ತೆಗೀತೀರಿ!

ಬೆಳಗ್ಗೆ ಎದ್ದು ಸರಕ್ಕನೆ ಕೀಳೋ ಹಾಗೂ ಇಲ್ಲ, ಅದು ಅಂಟ್ಕೊಂಡಿರುತ್ತೆ. ಡ್ರಾಪ್ಸ್ ಬಿಟ್ಟು, ಪಿಳಿಪಿಳಿ ಮಾಡ್ತಾ ಕೂತು, ಲೆನ್ಸು ಅಲ್ಲಾಡೋಕೆ ಶುರುವಾದ ಮೇಲೆ ಸಣ್ಣ ರಬ್ಬರ್ ಹೀರುಗೊಳವೆಯಿಂದ ತೆಗೀಬೇಕು. ಸಿಂಕಿನ ತೂತು ಮೊದಲು ಮುಚ್ಚಿ. ಇಲ್ಲಾಂದ್ರೆ ಬೆಲೆ ಬಾಳೋ ಲೆನ್ಸು ಮೋರಿ ಕಡೆ ಹೊರಡುತ್ತೆ. ಕೆಳಗೆ ಬಿದ್ರೆ ಇನ್ನೂ ಮಜಾ. ಕಣ್ಣು ಕಾಣೋಕೆ ಅಂತ ತಂದ ವಸ್ತುನ ಹುಡುಕೋಕೆ ಮನೆಯವರನ್ನೆಲ್ಲ ನೆಲಕ್ಕೆ ಬಗ್ಗಿಸ್ತೀರಿ.

ಒಂದು ನಿಮಿಷ ನಗು ನಿಲ್ಸಿ. ನಿಮಗೆ ಲೆನ್ಸನ್ನ ನಲ್ಲಿ ನೀರಲ್ಲಿ ತೊಳೆಯೋ ಚಾಳಿ ಇದ್ಯಾ? ಸೊಲ್ಯೂಷನ್ ಖಾಲಿ ಅಂತ ಎಂಜಲು ಹಚ್ಚೋ ಪೈಕಿನಾ? ಬೇಡ ರೀ, ದಯವಿಟ್ಟು ಬೇಡ. ಬೋರ್‌ವೆಲ್ ಇರ್ಲಿ, ಕಾವೇರಿ ಇರ್ಲಿ, ಸಂಪು-ಟ್ಯಾಂಕು ಸುತ್ತಿ ಬರೋ ನೀರಲ್ಲಿ ಅಕಾಂತಮೀಬಾ ಅನ್ನೋ ಸೂಕ್ಷ್ಮಜೀವಿ ಇರಬಹುದು. ಕಾರ್ನಿಯಾಗೆ ಸೇರಿಕೊಂಡ್ರೆ ಸುಲಭಕ್ಕೆ ಜಾಗ ಖಾಲಿ ಮಾಡಲ್ಲ, ದೃಷ್ಟಿಯನ್ನೇ ಕಸಿಯಬಲ್ಲದು. ಕೈ ಸೋಪಲ್ಲಿ ತೊಳ್ದು, ಒಣಗಿಸಿ, ಆಮೇಲೆ ಲೆನ್ಸ್ ಮುಟ್ಟಿ. (ಪಂಚೆಗೋ ಸೆರಗಿಗೋ ಒರೆಸ್ಕೊಂಡ್ರೆ ಅದು ಒಣಗಿಸಿದ ಲೆಕ್ಕಕ್ಕೆ ಬರಲ್ಲ.) ಕಣ್ಣು ಕೆಂಪಾಗಿ ನೋವು ಬಂದ್ರೆ, ಬೆಳಕು ಚುಚ್ಚಿದ್ರೆ, ಲೆನ್ಸ್ ತೆಗೆದಿಟ್ಟು ಅವತ್ತೇ ಡಾಕ್ಟ್ರ ಹತ್ರ ಓಡಿ. ಫ್ಯಾಮಿಲಿ ಗ್ರೂಪಲ್ಲಿ ಫೋಟೋ ಹಾಕಿ, ‘ಹರಳೆಣ್ಣೆ ಬಿಡು’ ಅಂತ ಅತ್ತೆ ಹೇಳೋ ತನಕ ಕಾಯ್ಬೇಡಿ.

ನಿಮಗೆ ಆಗದಿರೋ ಈ ಶಿಸ್ತು ಮಕ್ಕಳಿಗೆ ಆಗುತ್ತೆ ಅನ್ನೋದೇ ತಮಾಷೆ. ಹಾಂಕಾಂಗಲ್ಲಿ 6ರಿಂದ 10 ವರ್ಷದ ಮಕ್ಕಳ ಮೇಲೆ ಎರಡು ವರ್ಷದ ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ್ರು. ಅದರ ಹೆಸರು ರೋಮಿಯೋ! (ಆಣೆಗೂ ಅದೇ ಹೆಸರು.) ಮೈನಸ್ ನಂಬರ್ ಏರೋದು ಕಣ್ಣುಗುಡ್ಡೆ ಹಿಂದಕ್ಕೆ ಉದ್ದ ಬೆಳೆಯೋದ್ರಿಂದ. ಬರೀ ಕನ್ನಡಕದ ಮಕ್ಕಳಿಗಿಂತ ಆರ್ಥೋ-ಕೆ ಹಾಕಿದ ಮಕ್ಕಳಲ್ಲಿ ಆ ಬೆಳವಣಿಗೆ 43% ಕಮ್ಮಿ ಇತ್ತು. ಹಾಗಂತ ನಾಳೆನೇ ಮಗೂನ ಎಳ್ಕೊಂಡು ಹೋಗ್ಬೇಡಿ, ಅದರ ಕಣ್ಣಿಗೆ ಸರಿಹೋಗುತ್ತಾ ಅಂತ ಡಾಕ್ಟ್ರು ಹೇಳ್ಲಿ. ಅಲ್ಲೀತನಕ ಸಂಜೆ ಆಟಕ್ಕೆ ಬಿಡಿ. ‘ಹೋಮ್‌ವರ್ಕ್ ಮುಗಿಸು’ ಅಂತ ಕೂರಿಸಿ, ಪಕ್ಕದಲ್ಲಿ ನೀವು ಫೋನ್ ಹಿಡ್ಕೊಂಡು ಕೂರೋದು ಬೇರೆ!

ಇನ್ನೂ ಮದುವೆ ಆಗಿಲ್ಲದೋರೇ, ಹೆಣ್ಣು-ಗಂಡು ನೋಡೋ ಶಾಸ್ತ್ರಕ್ಕೆ ಅಂತ ಲೆನ್ಸ್ ಹಾಕಿಸೋ ಪ್ಲಾನ್ ಇದ್ಯಾ? ಉಪ್ಪಿಟ್ಟು-ಕೇಸರಿಬಾತ್ ಹೊತ್ತಲ್ಲಿ ಯಾರಿಗೂ ಗೊತ್ತಾಗಲ್ಲ, ನಿಜ. ಆದ್ರೆ ಮದುವೆಯಾದ ಮೊದಲ ರಾತ್ರಿ, ಹಾಲಿನ ಲೋಟದ ಪಕ್ಕ ಎರಡು ಬಾಟಲಿ ಸೊಲ್ಯೂಷನ್ನು, ಒಂದು ಡಬ್ಬಿ, ಒಂದು ಕನ್ನಡಿ, ಒಂದು ರಬ್ಬರ್ ಹೀರುಗೊಳವೆ ಜೋಡಿಸ್ತೀರಲ್ಲ, ಆಗ ಏನಂತ ಹೇಳ್ತೀರಿ?

ಕೊನೇದಾಗಿ ಒಂದು ಗುಟ್ಟು. ನಲವತ್ತು ದಾಟಿದ್ದೀರಾ? ಸ್ವಲ್ಪ ಮೈನಸ್ ಇರೋರಿಗೆ ದೇವರು ಕೊಟ್ಟ ಒಂದು ಸೌಕರ್ಯ ಇದೆ. ಓದುವಾಗ ಕನ್ನಡಕ ತೆಗೆದ್ರೆ ಸಾಕು, ಅಕ್ಷರ ಫಳಫಳ. ಆರ್ಥೋ-ಕೆ ಹಾಕಿ ಆ ಮೈನಸ್ ಅಳಿಸಿದ್ರೆ ದೂರದ್ದೇನೋ ಚೆನ್ನಾಗಿ ಕಾಣುತ್ತೆ, ಪೇಪರ್ ಓದೋಕೆ ಮಾತ್ರ ಬೇರೆ ರೀಡಿಂಗ್ ಗ್ಲಾಸ್ ಬೇಕಾಗುತ್ತೆ! ಏನು, ಇನ್ನೂ ನಲವತ್ತಾಗಿಲ್ವಾ? ಮತ್ತೆ ಇದನ್ನ ಓದೋಕೆ ಕನ್ನಡಕ ಯಾಕೆ ಹಣೆ ಮೇಲೆ ಏರಿಸಿದ್ದೀರಿ?