ಕೃಷ್ಣನನ್ನೂ ಸುಪ್ಪಾಂಡಿಯನ್ನೂ ಬರೆದ ಕೈ

ಅಮರ ಚಿತ್ರಕಥೆ ಅಂದ ಕೂಡಲೇ ನಮ್ಮ ಕಡೆಯವರ ಬಾಯಲ್ಲಿ ಬರುವುದು ಅನಂತ ಪೈಯವರ ಹೆಸರು. ಬರಲೇಬೇಕು ಮಾಸ್ಟ್ರೇ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಎರಡು ವರ್ಷಕ್ಕೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು, ಹನ್ನೆರಡನೇ ವರ್ಷಕ್ಕೆ ಮುಂಬಯಿ ಸೇರಿದ ಹುಡುಗ ಇಡೀ ದೇಶದ ಮಕ್ಕಳಿಗೆ ‘ಅಂಕಲ್ ಪೈ’ ಆದದ್ದು ಸಣ್ಣ ಸಂಗತಿಯಾ? ಮೂಡುಬಿದಿರೆಯಲ್ಲಿ ಬಸ್ಸು ಹತ್ತಿದರೆ ಕಾರ್ಕಳ ಏನು ದೂರ, ನಮ್ಮವರೇ ಅವರು. ಆದರೆ ನಾನು ನಿಮ್ಮನ್ನು ಈ ಬೇಲಿ ಹತ್ತಿರ ಕರೆದದ್ದು ಪೈಯವರ ಸುದ್ದಿಗಲ್ಲ. ಅವರ ಕಥೆಗಳಿಗೆ ಮುಖ ಕೊಟ್ಟರಲ್ಲ, ರಾಮ್ ವಾಯಿರ್ಕರ್, ಅವರ ಸುದ್ದಿಗೆ.

ನಿಮ್ಮ ಮಗ ಸಣ್ಣವನಿದ್ದಾಗ ತಂದ ಬಿಡಿ ಪುಸ್ತಕಗಳನ್ನೆಲ್ಲ ಸೇರಿಸಿ ಬೈಂಡ್ ಮಾಡಿಸಿಟ್ಟ ದಪ್ಪ ಸಂಪುಟ ಕೊಟ್ಟಿದ್ದಿರಲ್ಲ, ಅದನ್ನೂ ನಮ್ಮ ಮೊಮ್ಮಗಳ ಸುಪ್ಪಾಂಡಿ ಸಂಗ್ರಹವನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ನವಿಲುಗರಿಯ ಕೃಷ್ಣ. ಇನ್ನೊಂದರಲ್ಲಿ ಉದ್ದ ತಲೆ, ಅದರ ಮೇಲೊಂದು ಜುಟ್ಟು, ಯಜಮಾನ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿ ಎಲ್ಲವನ್ನೂ ಕೆಡಿಸುವ ಸುಪ್ಪಾಂಡಿ. ಎರಡೂ ಒಬ್ಬರದೇ ಕೈ!

“ಒಬ್ಬರದೇ ಅಂತ ಕಾಣುವುದೇ ಇಲ್ಲವಲ್ಲ” ಅಂತೀರಿ. ಅಲ್ಲೇ ಉಂಟು ಅವರ ದೊಡ್ಡತನ. ಬಿಡಿ ಪುಸ್ತಕ ಓದುವಾಗ ನಾವು ಕಥೆಯ ಹಿಂದೆ ಓಡುತ್ತೇವೆ, ಚಿತ್ರದ ಹತ್ತಿರ ನಿಲ್ಲುವುದಿಲ್ಲ. ಒಟ್ಟಿಗೆ ಸೇರಿಸಿಟ್ಟಾಗ ಮಾತ್ರ ಒಬ್ಬ ಕಲಾವಿದನ ದುಡಿಮೆಯ ಉದ್ದಗಲ ಗೊತ್ತಾಗುವುದು.

ಮೊದಲು ಆ ‘ಕೃಷ್ಣ’ ತೆಗೆಯಿರಿ. ಇಂಗ್ಲಿಷಿನ ಅಮರ ಚಿತ್ರಕಥೆಯಲ್ಲಿ ನಮ್ಮ ಪುರಾಣದ ಮೊದಲ ಪುಸ್ತಕ ಅದೇ, ಆದರೂ ಅದರ ಸಂಖ್ಯೆ 11. ಮೊದಲಿನ ಹತ್ತು ಪರದೇಶದ ಮಕ್ಕಳ ಕಥೆಗಳು. ಅವು ಬಂದದ್ದು ಯಾವ ಭಾಷೆಯಲ್ಲಿ ಗೊತ್ತುಂಟಾ? ಕನ್ನಡದಲ್ಲಿ! 1965ರಲ್ಲಿ, ಬೆಂಗಳೂರಿನ ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ. ಮುಂದೆ ಅನಂತ ಪೈಯವರು 1967ರಲ್ಲಿ ದಿಲ್ಲಿಯ ದೂರದರ್ಶನದಲ್ಲಿ ಒಂದು ರಸಪ್ರಶ್ನೆ ನೋಡಿದರು. ಗ್ರೀಕ್ ದೇವತೆಗಳ ಬಗ್ಗೆ ಪಟಪಟ ಉತ್ತರಿಸಿದ ಮಕ್ಕಳು ರಾಮನ ತಾಯಿ ಯಾರೆಂದು ಕೇಳಿದಾಗ ಬಾಯಿ ಬಿಡಲಿಲ್ಲವಂತೆ. ಆ ಸಂಕಟದಿಂದ ಎದ್ದ ಕೆಲಸಕ್ಕೆ ಮೊದಲ ರೂಪ ಕೊಡುವ ಹೊಣೆ ವಾಯಿರ್ಕರ್ ಅವರ ಮೇಲೆ ಬಿತ್ತು.

ಎಂಥ ಹೊಣೆ ನೋಡಿ! ಮನೆಮನೆಯ ಕ್ಯಾಲೆಂಡರಿನಲ್ಲಿ ಕೃಷ್ಣ ಅದಾಗಲೇ ಇದ್ದ. ಆದರೆ ಕ್ಯಾಲೆಂಡರಿನ ಕೃಷ್ಣ ನಮ್ಮ ಕಡೆ ಮುಖಮಾಡಿ ನಿಂತಲ್ಲೇ ನಿಂತಿರುತ್ತಾನೆ. ಚಿತ್ರಕಥೆಯ ಕೃಷ್ಣ ಓಡಬೇಕು, ಬೆಣ್ಣೆ ಕದಿಯಬೇಕು, ಕಾಳಿಯನ ಹೆಡೆ ಹತ್ತಬೇಕು, ಕೊನೆಗೆ ಕಂಸನನ್ನು ಕೆಡಹಬೇಕು. ಎದುರಿನಿಂದ ಕಂಡರೂ ಬೆನ್ನಿನಿಂದ ಕಂಡರೂ ಅವನು ಅದೇ ಹುಡುಗ ಅಂತ ಏಳು ವರ್ಷದ ಮಗುವಿಗೂ ತಿಳಿಯಬೇಕು. ಪುಸ್ತಕವೋ ಮೂವತ್ತೆರಡು ಪುಟದ ಅಳತೆಯದ್ದು. ಯಾವ ಗಳಿಗೆಯನ್ನು ಬರೆಯುವುದು, ಯಾವುದನ್ನು ಎರಡು ಚೌಕಟ್ಟುಗಳ ನಡುವಿನ ಬಿಳಿ ಗೆರೆಗೆ ಬಿಡುವುದು, ಅದನ್ನು ತೂಗಿ ನೋಡುವುದೇ ಈ ವಿದ್ಯೆಯ ಪ್ರಾಣ. ಬಿಟ್ಟದ್ದನ್ನು ಮಗು ತಾನೇ ತುಂಬಿಕೊಳ್ಳುತ್ತದೆ.

ಈಗ ಸುಪ್ಪಾಂಡಿಯ ಕಡೆ ಬನ್ನಿ. ಅವನು ಬಂದ ಮಕ್ಕಳ ಪತ್ರಿಕೆ ‘ಟಿಂಕಲ್’ ಶುರುವಾದದ್ದು 1980ರಲ್ಲಿ. ತಿರುಚ್ಚಿಯ ಪಿ. ವರದರಾಜನ್ ಎಂಬ ಓದುಗರು ಬರೆದು ಕಳಿಸಿದ ಪಾತ್ರ 1983ರಲ್ಲಿ ವಾಯಿರ್ಕರ್ ಅವರ ಕುಂಚದಿಂದ ಮೈತಳೆಯಿತು. ಇಲ್ಲಿ ಆಭರಣ ಇಲ್ಲ, ಅರಮನೆ ಇಲ್ಲ, ನಾಲ್ಕು ಗೆರೆ ಅಷ್ಟೆ. ಆದರೆ ಸುಪ್ಪಾಂಡಿಯ ಮುಖ ಗಮನಿಸಿ. ಅವನಿಗೆ ತಾನು ತಪ್ಪು ಮಾಡಿದೆನೆಂಬ ಅಂದಾಜೇ ಇರುವುದಿಲ್ಲ, ಶುದ್ಧ ವಿಶ್ವಾಸ. ಕೊನೆಯ ಚೌಕಟ್ಟಿನಲ್ಲಿ ಕಂಗಾಲಾಗುವುದು ಯಜಮಾನ. ಆ ವಿಶ್ವಾಸದಲ್ಲಿ ಒಂದು ಗೆರೆ ಹೆಚ್ಚಾದರೂ ಹುಡುಗ ಕುತಂತ್ರಿಯಾಗಿ ಕಾಣುತ್ತಿದ್ದ, ಒಂದು ಕಡಿಮೆಯಾದರೆ ಪಾಪ ಅನಿಸಿ ನಗು ನಿಲ್ಲುತ್ತಿತ್ತು. 2003ರಲ್ಲಿ ತೀರಿಕೊಳ್ಳುವವರೆಗೆ, ಇಪ್ಪತ್ತು ವರ್ಷ, ಅವರು ಆ ಹದ ಕಾಪಾಡಿದರು. ಆಮೇಲೆ ಅವರ ಮಗಳು ಅರ್ಚನಾ ಅಂಬೇರ್ಕರ್ ಸುಪ್ಪಾಂಡಿಯನ್ನು ಮುಂದುವರಿಸಿದರು.

ನಮ್ಮ ಯಕ್ಷಗಾನದ ಆಟದ ಲೆಕ್ಕದಲ್ಲಿ ಹೇಳುತ್ತೇನೆ ಕೇಳಿ. ಇದೇ ಬಂಟ್ವಾಳ ತಾಲೂಕಿನ ವಿಟ್ಲ ಗೋಪಾಲಕೃಷ್ಣ ಜೋಷಿಯವರು, ಮೂಡುಬಿದಿರೆ ಕಡೆಯ ಮಿಜಾರು ಅಣ್ಣಪ್ಪನವರು ಹಾಸ್ಯಗಾರರಾಗಿ ರಂಗಸ್ಥಳಕ್ಕೆ ಬಂದರೆ ಚೌಕಿಯಲ್ಲಿ ಕೂತ ವೇಷಧಾರಿಗಳೂ ಕಿವಿಗೊಡುತ್ತಿದ್ದರು. ಹಾಸ್ಯಗಾರನಿಗೆ ಎಲ್ಲ ವೇಷಗಳ ನಡೆಯೂ ಪ್ರಸಂಗವೂ ಗೊತ್ತಿರಬೇಕು ಅಂತ ನಮ್ಮ ಹಿರಿಯರು ಹೇಳುತ್ತಾ ಬಂದದ್ದು ಸುಮ್ಮನೆ ಅಲ್ಲ. ರಾಜವೇಷದ ಗತ್ತು ತಿಳಿದವನಿಗೇ ಅದನ್ನು ಎಲ್ಲಿ ಸಡಿಲಿಸಿದರೆ ನಗು ಹುಟ್ಟುತ್ತದೆ ಅಂತ ಗೊತ್ತು. ವಾಯಿರ್ಕರ್ ರಾಜವೇಷವನ್ನೂ ಹಾಸ್ಯವನ್ನೂ ತಾವೇ ಕಟ್ಟಿದವರು. ಕೃಷ್ಣನ ಬೆರಳು ಕೊಳಲಿನ ಮೇಲೆ ಹೇಗೆ ಕೂರಬೇಕೆಂದು ಕಲಿತ ಕೈಯೇ ಸುಪ್ಪಾಂಡಿಯ ಜುಟ್ಟನ್ನು ಎತ್ತಿ ನಿಲ್ಲಿಸಿದ್ದು.

“ಇಷ್ಟೆಲ್ಲ ಇದ್ದೂ ಹೆಸರು ಯಾಕೆ ಗೊತ್ತಿಲ್ಲ?” ಅಂತ ಕೇಳಿದಿರಿ, ಸರಿಯಾದ ಪ್ರಶ್ನೆ. ಮೂಡುಬಿದಿರೆಯ ಚೌಟರ ಅರಮನೆಗೆ ಹೋದವರು ನವನಾರೀಕುಂಜರದ ಮುಂದೆ ನಿಲ್ಲದೆ ಬರುವುದಿಲ್ಲ. ಒಂಬತ್ತು ಹೆಂಗಸರ ಮೈ ಸೇರಿಸಿ ಒಂದು ಆನೆ, ಪಕ್ಕದಲ್ಲೇ ಐದು ಹೆಂಗಸರ ಕುದುರೆ. ಅಲ್ಲಿನ ಜೈನ ಮಠ ಕಾಪಾಡಿದ ಧವಳ ಗ್ರಂಥದ ತಾಳೆಗರಿಗಳಲ್ಲಿ 12ನೇ ಶತಮಾನದ ಬಣ್ಣದ ಚಿತ್ರಗಳುಂಟು. ಇವುಗಳನ್ನೆಲ್ಲ ಮೆಚ್ಚಿದೆವು, ಕೆತ್ತಿದವರ, ಬರೆದವರ ಹೆಸರು ನಮ್ಮ ಬಾಯಿಗೆ ಬಂದು ಸೇರಲಿಲ್ಲ. ಚಿತ್ರಕಥೆಯವರ ಹೆಸರಾದರೆ ಪುಸ್ತಕದೊಳಗೇ ಅಚ್ಚಾಗಿದೆ, ಓದುವ ಅಭ್ಯಾಸ ನಮಗೆ ಆಗಬೇಕು ಅಷ್ಟೆ.

ಬಂಟ್ವಾಳ ಪಂಜೆ ಮಂಗೇಶರಾಯರು ಹುಟ್ಟಿದ ಊರು ಮಾಸ್ಟ್ರೇ. ಮಕ್ಕಳ ಕಥೆಯನ್ನು ದೊಡ್ಡ ಕೆಲಸ ಅಂತ ತಿಳಿದು ಬರೆದವರ ಊರಿನಲ್ಲಿ ಚಿತ್ರಕಥೆಯನ್ನು ಹಗುರವಾಗಿ ಕಾಣಬಾರದು. ನೀವು ಶಾಲೆಯಲ್ಲಿ ಇಷ್ಟು ವರ್ಷ ದುಡಿದವರು, ನಿಮ್ಮ ಮಾತು ಈಗಲೂ ನಡೆಯುತ್ತದೆ. ಗ್ರಂಥಾಲಯದ ಕಪಾಟಿನಲ್ಲಿ ಒಂದು ಸಾಲು ಚಿತ್ರಕಥೆಗೇ ಇಡಲು ಹೇಳಿ, ಕಲಾವಿದರ ಹೆಸರಿನ ಪ್ರಕಾರ ಜೋಡಿಸಲು ಹೇಳಿ. ವಾಯಿರ್ಕರ್ ಅವರದ್ದೆಲ್ಲ ಒಂದು ಕಡೆ, ಪ್ರತಾಪ್ ಮುಳೀಕರದ್ದು ಒಂದು ಕಡೆ, ಮಹಾಭಾರತ ಬರೆದ ದಿಲೀಪ್ ಕದಂ ಅವರದ್ದು ಇನ್ನೊಂದು ಕಡೆ. ಹಾಗೆ ಜೋಡಿಸಿಟ್ಟರೆ ಮಕ್ಕಳು ತಾವಾಗಿಯೇ ಕೈ ಗುರುತಿಸಲು ಕಲಿಯುತ್ತಾರೆ. ನಮ್ಮ ಮನೆಯ ಪುಸ್ತಕಗಳನ್ನು ನಾನು ಕೊಡುತ್ತೇನೆ, ಬೆಳ್ತಂಗಡಿಯ ತಂಗಿಯ ಮನೆಯಲ್ಲೂ ಒಂದು ಪೆಟ್ಟಿಗೆ ಉಂಟು, ಅದನ್ನೂ ತರಿಸುವ. ಶಾಲೆ ಶುರುವಾಗುವ ಮೊದಲು ನಾವಿಬ್ಬರೂ ಒಮ್ಮೆ ಹೋಗಿ ಹೇಳಿ ಬರುವ, ಆಗದಾ?