ಕೂಲಿ ಕಾರ್ಯಕರ್ತ ಮೀಮಾಂಸೆ

ಶಾಸ್ತ್ರಗ್ರಂಥವೊಂದರ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಪ್ರಸ್ತುತ ಶಾಸ್ತ್ರದ ವಿಷಯವು ಕರ್ನಾಟಕದ ಚುನಾವಣಾ ಪ್ರಚಾರದಲ್ಲಿ ದೊರೆಯುವ ಕೂಲಿ. ಪ್ರಯೋಜನವು ಅದೇ ಕೂಲಿ ಮತ್ತು ಮಧ್ಯಾಹ್ನದ ಬಿರಿಯಾನಿ. ಸಂಬಂಧವು ಊರಿನಿಂದ ಜನ ತುಂಬಿಸುವ ಮೇಸ್ತ್ರಿಯೊಡನೆ ಇರಬೇಕಾದ ಸಲುಗೆ. ಅಧಿಕಾರಿ ಎಂದರೆ ಇಲ್ಲಿ ಈ ವಿದ್ಯೆಗೆ ಅರ್ಹನಾದವನೆಂದೇ ಹೊರತು, ವೆಚ್ಚದ ಮೇಲೆ ಕಣ್ಣಿಟ್ಟು ಕ್ಯಾಮೆರಾದೊಡನೆ ಸಭೆಗೆ ಬರುವ ಚುನಾವಣಾ ಅಧಿಕಾರಿಯೆಂದಲ್ಲ. ಈ ಇಬ್ಬರು ಅಧಿಕಾರಿಗಳು ಪರಸ್ಪರ ಮಾತಿಗೆ ಸಿಗದಂತೆ ನೋಡಿಕೊಳ್ಳುವುದೇ ಶಾಸ್ತ್ರದ ಅರ್ಧಭಾಗ.

ವೈಯಾಕರಣರ ಪ್ರಕಾರ ಕಾರ್ಯಕರ್ತನು ಕಾರ್ಯವನ್ನು ಮಾಡುವವನು, ಎಂದರೆ ಪ್ರಥಮಾ ವಿಭಕ್ತಿಯಲ್ಲಿ ನಿಲ್ಲತಕ್ಕವನು. ಆದರೆ ‘ತಲೆಗೆ ಇಷ್ಟು’ ಎಂಬ ಮೂಲಸೂತ್ರದಲ್ಲಿ ಅವನು ಚತುರ್ಥಿಗೆ ಇಳಿದು, ಉಳಿದ ಅಂಗಾಂಗಗಳನ್ನೆಲ್ಲ ಕಳೆದುಕೊಂಡು, ಬರಿಯ ತಲೆಯಾಗಿ ಉಳಿಯುತ್ತಾನೆ. ಬಸ್ಸು ಹತ್ತುವಾಗ ಒಮ್ಮೆ, ಸಭೆ ಮುಗಿದ ಮೇಲೆ ಒಮ್ಮೆ ತಲೆ ಎಣಿಸಲಾಗುತ್ತದೆ. ನಾಯಕರ ಭಾಷಣದ ನಡುವೆ ಎದ್ದುಹೋದ ತಲೆಯು ಎರಡನೆಯ ಎಣಿಕೆಯಲ್ಲಿ ಲೋಪಸಂಧಿಗೆ ಒಳಗಾಗುತ್ತದೆ.

ಉದ್ಯೋಗದ ಪ್ರಭೇದಗಳು ಹಲವು. ಜೈಕಾರ ಕೂಗುವುದು, ತಮಟೆ ಬಡಿಯುವುದು, ಜೆಸಿಬಿಯ ಬಕೆಟ್ಟಿನಲ್ಲಿ ನಿಂತು ರೋಡ್ ಶೋ ಮೇಲೆ ಹೂ ಸುರಿಯುವುದು, ಆಟೋದಲ್ಲಿ ಮೈಕ್ ಕಟ್ಟಿಕೊಂಡು ಬೀದಿ ಸುತ್ತುವುದು, ವಾರ್ ರೂಮಿನ ಎಸಿಯಲ್ಲಿ ಕುಳಿತು ಒಬ್ಬನೇ ಹತ್ತು ಹೆಸರಿನಲ್ಲಿ ಆಕ್ರೋಶಗೊಳ್ಳುವುದು ಇವು ಪ್ರಸಿದ್ಧವಾದವು. ಕ್ರೇನಿನಿಂದ ಇಳಿಬಿಟ್ಟ ಸೇಬಿನ ಹಾರದ ಕೆಳಗೆ ನಿಲ್ಲುವ ಕೆಲಸಕ್ಕೆ ಪೈಪೋಟಿ ಹೆಚ್ಚು. ಹಾರ ನಾಯಕರದಾದರೂ ಸೇಬು ಕಿತ್ತವರದು.

ಬೆಳಿಗ್ಗೆ ಒಂದು ಪಕ್ಷದ ಸಭೆಯಲ್ಲಿ ಕಂಡ ಮುಖಗಳೇ ಸಂಜೆ ಇನ್ನೊಂದರಲ್ಲಿ ಕಾಣುವುದನ್ನು ಅಲ್ಪಜ್ಞರು ಪಕ್ಷಾಂತರವೆಂದು ಹಳಿಯುತ್ತಾರೆ. ಇದು ಅದ್ವೈತದ ತಿಳಿವಳಿಕೆಯಿಲ್ಲದ ಮಾತು. ಉಪಾಧಿ ಎಂದರೆ ಒಂದೇ ವಸ್ತುವನ್ನು ಬೇರೆಬೇರೆಯಾಗಿ ತೋರಿಸುವ ಹೊದಿಕೆ. ಇಲ್ಲಿ ಕೊರಳಿನ ಶಾಲು ಉಪಾಧಿಯಾಗಿದ್ದು, ಅದು ಬದಲಾದರೂ ಒಳಗಿನ ಕೊರಳು ಅವಿಕಾರಿಯಾಗಿ ಉಳಿಯುತ್ತದೆ. ನಿಜವಾದ ಪಕ್ಷಾಂತರಕ್ಕೆ ಶಾಸಕತ್ವ ಬೇಕು, ಅದರ ದರವೂ ಬೇರೆ.

ಪ್ರಚಾರವು ಸಿದ್ಧಾಂತದ ಸೇವೆಯಾಗಿರುವುದರಿಂದ ಅದಕ್ಕೆ ಕೂಲಿ ಎಂಬುದೇ ಅಸಂಬದ್ಧ ಎಂದು ಪೂರ್ವಪಕ್ಷ. ಈ ಮಾತನ್ನು ಹೆಚ್ಚಾಗಿ ಆಡುವವರು ಕೂಲಿ ಕೊಡಬೇಕಾದವರೇ ಆದುದರಿಂದ ಅದರ ಪ್ರಾಮಾಣ್ಯ ಸಂದೇಹಾಸ್ಪದ. ವಿಧಾನಸಭಾ ಅಭ್ಯರ್ಥಿಯ ವೆಚ್ಚಕ್ಕೆ 2022ರಿಂದ 40 ಲಕ್ಷ ರೂಪಾಯಿಯ ಮಿತಿಯಿದೆ. ಫಲಿತಾಂಶ ಬಂದ 30 ದಿನಗಳೊಳಗೆ ಲೆಕ್ಕ ಒಪ್ಪಿಸಬೇಕು. ಚಹಾ, ಶಾಮಿಯಾನ, ಕುರ್ಚಿಗಳಿಗೆ ಜಿಲ್ಲಾ ಚುನಾವಣಾಧಿಕಾರಿಗಳು ದರಪಟ್ಟಿ ಹೊರಡಿಸುತ್ತಾರೆ. ಹೀಗಾಗಿ ಕುರ್ಚಿಯ ಬಾಡಿಗೆ ಲೆಕ್ಕಕ್ಕೆ ಬರುತ್ತದೆ, ಕುಳಿತವರು ಅಭಿಮಾನದಿಂದ ಬಂದವರೆಂದು ಗಣನೆಯಾಗುತ್ತದೆ. ಕೊಟ್ಟವನು ಕೊಟ್ಟಿಲ್ಲವೆಂದೂ ಪಡೆದವನು ಪಡೆದಿಲ್ಲವೆಂದೂ ಒಂದೇ ಸ್ವರದಲ್ಲಿ ಹೇಳುವ ಇಂತಹ ಮಾಲೀಕ-ಕಾರ್ಮಿಕ ಸೌಹಾರ್ದವು ಬೇರಾವ ಉದ್ಯಮದಲ್ಲಿಯೂ ಸಾಧಿತವಾಗಿಲ್ಲ.

ಉದ್ಯೋಗದ ಅವಧಿ ಮಾತ್ರ ಅಲ್ಪ. 2023ರ ಚುನಾವಣೆಯಲ್ಲಿ ನಾಮಪತ್ರ ಹಿಂಪಡೆಯುವ ಕೊನೆಯ ದಿನ ಏಪ್ರಿಲ್ 24, ಬಹಿರಂಗ ಪ್ರಚಾರಕ್ಕೆ ತೆರೆಬಿದ್ದದ್ದು ಮೇ 8ರ ಸಂಜೆ. 224 ಕ್ಷೇತ್ರಗಳ ಬಿರುಸಿನ ಸುಗ್ಗಿಯೆಲ್ಲ ಈ 14 ದಿನಗಳಲ್ಲಿಯೇ ನಡೆದುಹೋಯಿತು. ಆ ವರ್ಷ ನರೇಗಾ ಯೋಜನೆಯಲ್ಲಿ ಕುಟುಂಬಕ್ಕೆ 100 ದಿನಗಳ ಕೆಲಸದ ಖಾತರಿಯೂ ದಿನಕ್ಕೆ 316 ರೂಪಾಯಿ ಕೂಲಿಯೂ ಇದ್ದವು. ಆದರೆ ಅಲ್ಲಿ ಜಾಬ್ ಕಾರ್ಡ್ ಬೇಕು, ಹಾಜರಿ ಬೇಕು, ಮಣ್ಣನ್ನು ನಿಜವಾಗಿಯೂ ಅಗೆಯಬೇಕು. ಇಲ್ಲಿ ಅಗೆಯುವ ಹೊಣೆ ಗೆದ್ದವರದು.

ಇನ್ನು ಕಾರ್ಮಿಕ ಸವಲತ್ತಿನ ಪ್ರಶ್ನೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮಿನ ಪ್ರಕಾರ ಮತದಾನದ ದಿನ ದಿನಗೂಲಿಯವರಿಗೂ ಸಂಬಳ ಸಹಿತ ರಜೆ ಸಲ್ಲಬೇಕು, ಕೊಡದ ಮಾಲೀಕನಿಗೆ ದಂಡವಿದೆ. ಮತದಾನ ನಡೆದ ಮೇ 10ರಂದು ಆ ರಜೆಯ ಕೂಲಿ ಕೇಳಲು ಪ್ರಚಾರದ ಕೂಲಿಯವರಿಗೆ ಮಾಲೀಕನೇ ಇರಲಿಲ್ಲ.